ಹಿತ್ತಿಲಿಗೆ ಬಂದ ಸ್ವಿಮ್ಮಿಂಗ್ ಪೂಲ್

ಈಜುಕೊಳ ಕಟ್ಟಿಸುವುದು ದೊಡ್ಡ ಕೆಲಸವೇನಲ್ಲ ಎಂಬುದು ಆಗ ನನ್ನ ಖಚಿತ ಅಭಿಪ್ರಾಯವಾಗಿತ್ತು. ಒಂದು ಹೊಂಡ ತೋಡಬೇಕು, ಸಿಮೆಂಟು ಬಳಿಯಬೇಕು, ನೀರು ತುಂಬಿಸಬೇಕು. ಇದರಲ್ಲಿ ತಿಳಿಯದಂಥದ್ದು ಏನಿದೆ? ನಾನು ಮೂಡಬಿದಿರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹಳೆಗನ್ನಡದ ಸಮಾಸಗಳನ್ನೇ ಬಿಡಿಸಿ ಒಣಗಹಾಕಿದವಳಿಗೆ ಒಂದು ಹೊಂಡ ಯಾವ ಲೆಕ್ಕ!

ನಮ್ಮ ಮನೆ ಇರುವುದು ಅಲ್ಲಿಗೆ ಹತ್ತಿರದ ತೋಡಾರಿನಲ್ಲಿ. ನಾನು, ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ನನ್ನ ಗಂಡ, ಇಬ್ಬರು ಮಕ್ಕಳು ಮತ್ತು ಅತ್ತೆ. ಬೇಸಗೆ ರಜೆ ಬಂತೆಂದರೆ ಅತ್ತೆಯ ಮೊಮ್ಮಕ್ಕಳೆಲ್ಲ ಬಂಟ್ವಾಳ, ಬೆಳ್ತಂಗಡಿ, ಮಂಗಳೂರಿನಿಂದ ಬಂದು ನಮ್ಮಲ್ಲಿ ಬಿಡಾರ ಹೂಡುವುದು ವಾಡಿಕೆ. ಮಾರ್ಚ್ ಮುಗಿಯುವ ಮೊದಲೇ ಅತ್ತೆ ಅಟ್ಟದಿಂದ ಚಾಪೆ, ದಿಂಬುಗಳನ್ನು ಇಳಿಸಿ ಅಂಗಳದಲ್ಲಿ ಬಿಸಿಲಿಗೆ ಹಾಕುತ್ತಾರೆ. ಅದನ್ನು ನೋಡಿದರೇ ಸಾಕು, ರಜೆ ಬಂತು ಎಂದು ನೆರೆಯವರಿಗೆ ಗೊತ್ತಾಗುತ್ತದೆ.

ಮಂಗಳೂರಿನಲ್ಲಿ ಮುಗಿಲೆತ್ತರದ ಫ್ಲ್ಯಾಟುಗಳು ಏಳತೊಡಗಿದ್ದ ಕಾಲವದು. ನನ್ನ ಬಾವ ಮಸ್ಕತ್ತಿನಲ್ಲಿ ದುಡಿದು ಅಂಥದ್ದೊಂದು ಫ್ಲ್ಯಾಟ್ ಕೊಂಡಿದ್ದರು. ಚಾಪೆಗಳು ಬಿಸಿಲಿಗೆ ಬಿದ್ದ ದಿನವೇ ಅವರ ಹೆಂಡತಿ, ಎಂದರೆ ನನ್ನ ಓರಗಿತ್ತಿ ಶಶಿಯಕ್ಕ, ಫೋನು ಮಾಡಿದರು. ಈ ಸಲ ಮಕ್ಕಳೆಲ್ಲ ತಮ್ಮಲ್ಲಿಗೇ ಬರಲಿ, ಫ್ಲ್ಯಾಟಿನ ಕೆಳಗೆ ಸ್ವಿಮ್ಮಿಂಗ್ ಪೂಲ್ ಇದೆ, ತೋಡಾರಿನ ಸೆಖೆಯಲ್ಲಿ ಯಾಕೆ ಬೇಯಬೇಕು ಎಂದರು. ಸುದ್ದಿ ಕೇಳಿ ನನ್ನ ಸ್ವಂತ ಮಕ್ಕಳೇ ಬ್ಯಾಗು ತುಂಬಿಸಿಕೊಳ್ಳತೊಡಗಿದರು. ಅತ್ತೆ ಅಂಗಳಕ್ಕೆ ಹೋಗಿ, ಇನ್ನೂ ಒಂದು ಮಗ್ಗುಲು ಕೂಡ ಕಾಯದ ದಿಂಬುಗಳನ್ನು ಒಂದೊಂದಾಗಿ ಒಳಗೆ ತರತೊಡಗಿದರು.

ಆ ದಿಂಬುಗಳೇ ನನ್ನ ಬುದ್ಧಿ ಕೆಡಿಸಿದ್ದು. ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು.

"ನಮ್ಮಲ್ಲಿಯೂ ಪೂಲ್ ಮಾಡಿಸ್ತಾ ಇದ್ದೇವೆ ಅಕ್ಕ. ನೀವೇ ಎಲ್ಲರೂ ಇಲ್ಲಿಗೆ ಬನ್ನಿ" ಎಂದುಬಿಟ್ಟೆ.

ಅತ್ತೆಯ ಕೈಯಿಂದ ದಿಂಬು ಕೆಳಗೆ ಬಿತ್ತು. ಸಂಜೆಯೊಳಗೆ ಸುದ್ದಿ ಬಂಟ್ವಾಳ, ಬೆಳ್ತಂಗಡಿಯ ನಾದಿನಿಯರ ಮನೆ ಮುಟ್ಟಿತು. ಭೂಮಿಗೆ ಒಂದು ಹಾರೆಯ ಪೆಟ್ಟೂ ಬೀಳುವ ಮೊದಲೇ ಪೂಲಿಗೆ ಬರುವವರ ಸಂಖ್ಯೆ ತೀರ್ಮಾನವಾಗಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ವಿಷಯ ತಿಳಿಸಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. ನಿನಗೆ ಈಜು ಬರುತ್ತದೆಯೇ ಎಂದು ಮಾತ್ರ ಕೇಳಿದರು. ಬರುವುದಿಲ್ಲ ಎಂದೆ. ತನಗೂ ಬರುವುದಿಲ್ಲ, ಅಮ್ಮನಿಗೂ ಬರುವುದಿಲ್ಲ ಎಂದು ಜ್ಞಾಪಿಸಿ, ಮಜ್ಜಿಗೆ ಬಡಿಸಿಕೊಂಡು ಉಂಡು ಎದ್ದುಹೋದರು. ಇದನ್ನು ನಾನು ಒಪ್ಪಿಗೆ ಎಂದು ಪರಿಗಣಿಸಿದೆ.

ಮರುದಿನ ಡ್ರಾಯಿಂಗ್ ಹಾಳೆಯಲ್ಲಿ ನಕ್ಷೆ ತಯಾರಾಯಿತು. ಮೇಲೆ ದೊಡ್ಡ ಅಕ್ಷರದಲ್ಲಿ 'ಕುಟುಂಬಸ್ನೇಹಿ ಈಜುಕೊಳ' ಎಂದು ಬರೆದೆ. ಒಂದು ಬದಿ ಕುತ್ತಿಗೆಯಷ್ಟು ಆಳ, ಇನ್ನೊಂದು ಬದಿ ಸೊಂಟದಷ್ಟು. ಇಳಿಯಲು ಮೆಟ್ಟಿಲು. ಕೆಲಸಕ್ಕೆ ಕರೆಸಿದ್ದ ಗಣಪ ಮೇಸ್ತ್ರಿ ನಕ್ಷೆಯನ್ನು ತಲೆಕೆಳಗೆ ಹಿಡಿದು ಬಹಳ ಹೊತ್ತು ನೋಡಿ, ಚಂದ ಉಂಟು ಟೀಚರೇ ಎಂದು ಮೆಚ್ಚಿದರು.

ಜೆಸಿಬಿ ಬಂತು. ಬರುವಾಗಲೇ ಗೇಟಿನ ಒಂದು ಕಂಬವನ್ನು ಕೆಡವಿ ಒಳಗೆ ಬಂತು. ನಮ್ಮದು ಮುರಕಲ್ಲಿನ ಗಟ್ಟಿ ನೆಲ, ತೋಡಲು ವಾರ ಬೇಕಾದೀತು ಎಂದುಕೊಂಡಿದ್ದೆ. ಆ ಯಂತ್ರ ಮಧ್ಯಾಹ್ನದ ಊಟದೊಳಗೆ ಕುತ್ತಿಗೆಯಷ್ಟು ಆಳದ ಹೊಂಡ ತೋಡಿ, ಹೋಗುವಾಗ ಇನ್ನೊಂದು ಕಂಬವನ್ನೂ ಕೆಡವಿ ಹೋಯಿತು. ಹಿತ್ತಿಲ ನಡುವೆ ಕೆಂಪಗೆ ಬಾಯಿ ತೆರೆದ ಆ ಹೊಂಡವನ್ನು ನೋಡಿ ನನಗೆ ರೋಮಾಂಚನವಾಯಿತು. ಅತ್ತೆಗೆ ಚಳಿ ಬಂತು.

ಮಕ್ಕಳು ಮುಳುಗಿದರೆ ಯಾರು ಜವಾಬ್ದಾರಿ ಎಂದು ಅವರು ಕೇಳಿದರು. ನಾನು ಮೇಸ್ತ್ರಿಗೆ ಹೇಳಿ, ತೆಗೆದ ಮಣ್ಣನ್ನೇ ಮತ್ತೆ ಹಾಕಿಸಿ ಎದೆಯಷ್ಟಕ್ಕೆ ತಂದೆ. ಆಮೇಲೆ ಬೆಳ್ತಂಗಡಿಯ ನಾದಿನಿ ಫೋನು ಮಾಡಿ ತನ್ನ ಕಿರಿಯವನು ಇನ್ನೂ ಒಂದನೇ ಕ್ಲಾಸು ಎಂದಳು. ಆಳ ಸೊಂಟಕ್ಕೆ ಬಂತು. ಪಕ್ಕದ ಮನೆಯ ಮೈಮುನಕ್ಕ ಬೇಲಿಯ ಆಚೆಯಿಂದ ಇಣುಕಿ, ತನ್ನ ಮೊಮ್ಮಗಳಿಗೆ ಕಣ್ಣು ತಪ್ಪಿಸಿ ಬರುವ ಅಭ್ಯಾಸ ಇದೆ ಎಂದರು. ಆಳ ತೊಡೆಗೆ ಇಳಿಯಿತು. ಕೊನೆಗೆ ಗಂಡನೂ ಒಂದು ಸಂಜೆ ಅಂಗಡಿಯಿಂದ ಬಂದು ದಂಡೆಯಲ್ಲಿ ನಿಂತು, ತಾನು ಸಣ್ಣವನಿರುವಾಗ ಕೆರೆಗೆ ಬಿದ್ದ ಕಥೆಯನ್ನು ಸವಿಸ್ತಾರವಾಗಿ ಹೇಳಿದರು. ಬೆಳಿಗ್ಗೆ ಮತ್ತಷ್ಟು ಮಣ್ಣು ಬಿತ್ತು.

ಗಣಪ ಮೇಸ್ತ್ರಿ ತಾಳ್ಮೆಯ ಮನುಷ್ಯ. ಆದರೂ ತೋಡಿದ ಹೊಂಡವನ್ನು ಮುಚ್ಚುವುದಕ್ಕೆ ಸಂಬಳ ಪಡೆಯುವಾಗ ಅವರ ಮುಖದಲ್ಲಿ ಅನುಮಾನ ಮೂಡಿತ್ತು.

"ಟೀಚರೇ, ಒಂದು ಮಾತು ಕೇಳ್ಲಿಕ್ಕುಂಟು. ಇದು ಈಜ್ಲಿಕ್ಕಾ, ಅಲ್ಲ ಕಾಲು ತೊಳೀಲಿಕ್ಕಾ?"

"ಸುರಕ್ಷತೆ ಮುಖ್ಯ ಮೇಸ್ತ್ರಿ" ಎಂದು ಗಂಭೀರವಾಗಿ ಹೇಳಿದೆ.

ಸಿಮೆಂಟು ಬಳಿದು ಮುಗಿದಾಗ ನೋಡಿದರೆ ಆಳ ನನ್ನ ಮೊಣಕಾಲಿನವರೆಗೆ ಉಳಿದಿತ್ತು. ಅಗಲ ಮಾತ್ರ ನಕ್ಷೆಯಲ್ಲಿದ್ದಷ್ಟೇ, ಮದುವೆ ಚಪ್ಪರದಷ್ಟು. ದಾರಿಯಲ್ಲಿ ಹೋಗುವವರಿಗೆ ಇದು ಏನೆಂದು ತಿಳಿಯಲಿಲ್ಲ. ಗೋಬರ್ ಗ್ಯಾಸ್ ಎಂದು ಯಾರೋ ತೀರ್ಮಾನಿಸಿದರು. ಅದನ್ನು ನಂಬಿ ಒಬ್ಬರು ಎರಡು ದನಗಳನ್ನು ಹೊಡೆದುಕೊಂಡೇ ಬಂದು, ಗ್ಯಾಸಿಗೆ ಸಗಣಿ ಬೇಕಲ್ಲ ಟೀಚರೇ, ಎರಡೂ ಚೆನ್ನಾಗಿ ತಿನ್ನುತ್ತವೆ ಎಂದು ವ್ಯಾಪಾರಕ್ಕೆ ನಿಂತರು. ಅವರನ್ನು ಕಳಿಸುವಷ್ಟರಲ್ಲಿ ದನಗಳು ನನ್ನ ದಾಸವಾಳದ ಗಿಡಗಳನ್ನು ಮುಗಿಸಿದ್ದವು. ಚೆನ್ನಾಗಿ ತಿನ್ನುತ್ತವೆ ಎಂಬುದು ನಿಜವೇ ಆಗಿತ್ತು.

ಇನ್ನು ಬಣ್ಣ. ಈಜುಕೊಳ ಎಂದರೆ ನೀಲಿ ಇರಬೇಕು. ಮಲಗುವ ಕೋಣೆಗೆ ಬಳಿದು ಉಳಿದಿದ್ದ ನೀಲಿ ಡಿಸ್ಟೆಂಪರ್ ಡಬ್ಬಿಗಳು ಅಟ್ಟದಲ್ಲಿದ್ದವು. ಗೋಡೆಗೆ ಹಿಡಿದದ್ದು ಹೊಂಡಕ್ಕೆ ಹಿಡಿಯುವುದಿಲ್ಲವೇ? ಈ ತರ್ಕಕ್ಕೆ ನಾನೇ ಮರುಳಾಗಿ, ಮೇಸ್ತ್ರಿ ರಜೆಯಲ್ಲಿದ್ದ ದಿನ ಸ್ವತಃ ಬಳಿದೆ. ಒಣಗಿದ ಮೇಲೆ ಆಕಾಶದ ತುಂಡೊಂದು ಹಿತ್ತಿಲಿಗೆ ಬಿದ್ದ ಹಾಗೆ ಕಾಣಿಸಿತು. ಬಾವಿಯಿಂದ ಪಂಪು ಹಾಕಿ ನೀರು ಬಿಟ್ಟೆ. ಸಂಜೆಗೆ ಕೊಳ ತುಂಬಿತು. ಬಾವಿಯಲ್ಲಿ ಕೆಸರು ಉಳಿಯಿತು.

ನೆಂಟರು ಬರುವ ಮೊದಲು ಒಂದು ಪರೀಕ್ಷೆ ಆಗಬೇಡವೇ? ಹಳೆಯ ನೈಟಿ ಹಾಕಿಕೊಂಡು ಶಾಸ್ತ್ರೋಕ್ತವಾಗಿ ಬಲಗಾಲು ಮುಂದಿಟ್ಟು ಇಳಿದೆ. ನೀರು ಹಿತವಾಗಿತ್ತು. ಕುಳಿತೆ. ನೈಟಿ ಗಾಳಿ ತುಂಬಿಕೊಂಡು ನನ್ನ ಸುತ್ತ ಬುಗ್ಗೆಯ ಹಾಗೆ ಎದ್ದಿತು. ಅದನ್ನು ಅದುಮುತ್ತಾ ಅದುಮುತ್ತಾ ಕತ್ತಲಾಗುವವರೆಗೂ ಕುಳಿತಿದ್ದೆ. ಒಳಗೆ ಬಂದು ದೀಪದ ಬೆಳಕಿಗೆ ನಿಂತಾಗ ಅತ್ತೆ ಕೈಮುಗಿಯುವ ಹಾಗೆ ಮಾಡಿ ಹಿಂದೆ ಸರಿದರು. ನಾನು ಎದೆಯಿಂದ ಕೆಳಗೆ ಪೂರ್ತಿ ನೀಲಿಯಾಗಿದ್ದೆ.

ತೆಂಗಿನ ನಾರು, ಸೀಮೆಎಣ್ಣೆ, ಕಡಲೆಹಿಟ್ಟು ಎಲ್ಲವೂ ಆಯಿತು. ಮರುದಿನ ಶಾಲೆಯಲ್ಲಿ ಫಲಿತಾಂಶ ಹೇಳುವ ದಿನ. ಸೀರೆಯನ್ನು ನೆಲ ಗುಡಿಸುವಷ್ಟು ಇಳಿಸಿ ಉಟ್ಟುಕೊಂಡು ಹೋದರೂ ಉಗುರು, ಹಿಮ್ಮಡಿಗಳು ನೀಲಿಯಾಗಿಯೇ ಹೊಳೆಯುತ್ತಿದ್ದವು. ಪೋಷಕರು ಮಕ್ಕಳ ಅಂಕಗಳ ಬಗ್ಗೆ ಕೇಳುವುದನ್ನು ಬಿಟ್ಟು ನನ್ನ ಪಾದವನ್ನೇ ನೋಡಿದರು. ಒಬ್ಬ ತಾಯಿ ಬಹಳ ಕನಿಕರದಿಂದ, ಯಾವ ಹಾವು ಎಂದು ವಿಚಾರಿಸಿದರು.

ಮನೆಗೆ ಬಂದು ನೀರು ಚೆಲ್ಲಿ, ಇಡೀ ಕೊಳವನ್ನು ಉಜ್ಜಿ ತೊಳೆದೆವು. ಸಿಮೆಂಟಿನ ಬೂದು ಬಣ್ಣವೇ ಗತಿಯಾಯಿತು. ನೆಂಟರು ಬರಲು ಒಂದೇ ದಿನ ಉಳಿದಿತ್ತು. ಕೊಳ ಖಾಲಿ, ಬಾವಿಯೂ ಖಾಲಿ. ನಾನು ದಂಡೆಯಲ್ಲಿ ಕುಳಿತುಬಿಟ್ಟೆ. ನಿಜಕ್ಕೂ ಅಳು ಬಂತು. ಶಶಿಯಕ್ಕ ಕಾರಿನಿಂದ ಇಳಿದು ಒಣ ಸಿಮೆಂಟನ್ನು ನೋಡಿ ನಗುವುದು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಹೆಚ್ಚಾಗಿ, ಅಂಗಳದಲ್ಲಿ ಮತ್ತೆ ಬಿಸಿಲಿಗೆ ಬಿದ್ದಿದ್ದ ಚಾಪೆಗಳನ್ನು ನೋಡಲು ಆಗಲಿಲ್ಲ.

ಬೇಲಿಯ ಆಚೆಯಿಂದ ಮೈಮುನಕ್ಕ ಎಲ್ಲವನ್ನೂ ನೋಡುತ್ತಿದ್ದರು. ಅವರ ಮನೆಯಲ್ಲಿ ಬೋರ್‌ವೆಲ್ ಇತ್ತು.

"ಅಳುವುದು ಯಾಕೆ ಟೀಚರ್? ಪೈಪು ಉದ್ದ ಉಂಟು, ನೀರು ಬಿಡ್ತೇನೆ. ಆದ್ರೆ ನಾನೂ ಇಳಿಯುವವಳೇ. ಹೊರಗಿನವರಿಗೆ ಕಾಣ್ಬಾರ್ದು, ಅಷ್ಟು ಮಾಡಿ ಕೊಡಿ."

ನನ್ನ ನಕ್ಷೆಯಲ್ಲಿ ಆಳ ಇತ್ತು, ಅಗಲ ಇತ್ತು, ಮೆಟ್ಟಿಲೂ ಇತ್ತು. ಹೆಂಗಸರು ಹೇಗೆ ಇಳಿಯುವುದು ಎಂಬುದು ಮಾತ್ರ ಇರಲಿಲ್ಲ. ಹೆಂಗಸೇ ಬರೆದ ನಕ್ಷೆ! ಗಂಡ ಅಂಗಡಿಗೆ ಬೇಗ ಬಾಗಿಲು ಹಾಕಿ ಬಂದರು. ಗಣಪ ಮೇಸ್ತ್ರಿಯೂ ಬಂದರು. ತೆಂಗಿನ ಗರಿ ಹೆಣೆದ ಮಡಲಿನ ತಟ್ಟಿಗಳನ್ನು ಕೊಳದ ನಾಲ್ಕೂ ಕಡೆ ಆಳೆತ್ತರಕ್ಕೆ ಕಟ್ಟಿದರು. ಮೈಮುನಕ್ಕನ ಪೈಪು ಬೇಲಿ ದಾಟಿ ಬಂತು. ಬೆಳಿಗ್ಗೆ ನೋಡಿದರೆ ನೀರು ದಂಡೆ ಮುಟ್ಟಿ ನಿಂತಿತ್ತು.

ಆ ಸಂಜೆ ನೆಂಟರೆಲ್ಲ ಬಂದರು. ಶಶಿಯಕ್ಕನ ಮಕ್ಕಳು ಕಣ್ಣಿಗೆ ಈಜುವ ಕನ್ನಡಕ, ತಲೆಗೆ ರಬ್ಬರಿನ ಟೋಪಿ, ಸೊಂಟಕ್ಕೆ ಗಾಳಿ ಟ್ಯೂಬು ಸಮೇತವೇ ಕಾರಿನಿಂದ ಇಳಿದರು. ಅವರನ್ನು ಹೆಮ್ಮೆಯಿಂದ ತಟ್ಟಿಯ ಒಳಗೆ ಕರೆದುಕೊಂಡು ಹೋದೆ. ಹಿರಿಯ ಹುಡುಗ ದಂಡೆಯ ಮೇಲೆ ನಿಂತು ಸುತ್ತಲೂ ನೋಡಿದ.

"ಚಿಕ್ಕಮ್ಮ, ಪೂಲ್ ಎಲ್ಲಿ?"

ನಾನು ನೀರಿನತ್ತ ಕೈ ತೋರಿಸಿದೆ. ಅವನು ಒಂದು ಕಾಲು ನೀರಿಗಿಟ್ಟ. ನೀರು ಅವನ ಮೊಣಕಾಲನ್ನು ಮುಟ್ಟಿ ನಿಂತಿತು. ಅವನ ಸೊಂಟದ ಟ್ಯೂಬು ಗಾಳಿಯಲ್ಲೇ ಉಳಿಯಿತು. ಶಶಿಯಕ್ಕ ನನ್ನತ್ತ ತಿರುಗಿದರು. ನಾನು ತಟ್ಟಿಯ ಹೆಣಿಗೆಯನ್ನು ಪರೀಕ್ಷಿಸುವವಳ ಹಾಗೆ ಆ ಕಡೆ ನೋಡಿದೆ.

ಆಗ ಅತ್ತೆ ಮುಂದೆ ಬಂದರು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲಿಳಿದು ಕೊಳದ ನಟ್ಟನಡುವೆ ಹೋದರು. ಒಮ್ಮೆ ನನ್ನತ್ತ ನೋಡಿ ನಿಧಾನವಾಗಿ ಕುಳಿತುಬಿಟ್ಟರು. ನೀರು ಅವರ ಎದೆಯವರೆಗೆ ಬಂತು.

"ಕೂತರೆ ಸರಿ ಉಂಟಲ್ಲ" ಎಂದರು. "ನಿಲ್ಲುವುದು ಯಾಕೆ?"

ಮೊದಲು ಬೆಳ್ತಂಗಡಿಯ ಒಂದನೇ ಕ್ಲಾಸಿನವನು ಅಜ್ಜಿಯ ಮಡಿಲಿಗೆ ಹಾರಿದ. ಎದ್ದ ನೀರು ಶಶಿಯಕ್ಕನ ರೇಷ್ಮೆ ಸೀರೆಯನ್ನು ಮುಟ್ಟಿತು. ಆಮೇಲೆ ಯಾರು ಯಾವಾಗ ಇಳಿದರೆಂದು ಲೆಕ್ಕ ಸಿಗಲಿಲ್ಲ. ಹಿರಿಯ ಹುಡುಗ ಕನ್ನಡಕ ಸರಿಪಡಿಸಿಕೊಂಡು ಮೊಸಳೆಯ ಹಾಗೆ ಕೈಯೂರಿ ತೆವಳತೊಡಗಿದ. ಉಳಿದವರು ಕಿರುಚುತ್ತಾ ಓಡಿದರು. ಬಿದ್ದವರು ಎದ್ದರು. ಮುಳುಗುವ ಭಯವಿಲ್ಲದ ಕಾರಣ ಯಾರೂ ಯಾರನ್ನೂ ಬೈಯಲಿಲ್ಲ. ಮೈಮುನಕ್ಕ ಮೊಮ್ಮಗಳನ್ನು ಕರೆದುಕೊಂಡು ಹಿಂಬದಿಯಿಂದ ಬಂದು, ಕಿಟಕಿ ಪಕ್ಕದ ಸೀಟು ಸಿಕ್ಕಿದವರ ಹಾಗೆ ಒಂದು ಮೂಲೆ ಹಿಡಿದು ಕುಳಿತರು.

ಶಶಿಯಕ್ಕ ಮಾತ್ರ ದಂಡೆಯಲ್ಲೇ ನಿಂತಿದ್ದರು. ನಾನು ಹತ್ತಿರ ಹೋಗಿ, ನಿಮ್ಮ ಪೂಲಿನ ಹಾಗೆ ಇಲ್ಲ ಅಕ್ಕ ಎಂದೆ. ಅವರು ತಗ್ಗಿದ ಧ್ವನಿಯಲ್ಲಿ ಹೇಳಿದರು:

"ನಮ್ಮ ಪೂಲಿಗೆ ನಾನು ಇಷ್ಟರವರೆಗೆ ಇಳಿದೇ ಇಲ್ಲ ಮಾರಾಯ್ತಿ. ಮೇಲಿನ ಬಾಲ್ಕನಿಗಳಿಂದ ಎಲ್ಲ ಗಂಡಸರಿಗೂ ಕಾಣ್ತದೆ. ಆ ಬಿಗಿ ಡ್ರೆಸ್ಸು ಹಾಕದೆ ಇಳೀಲಿಕ್ಕೂ ಬಿಡುವುದಿಲ್ಲ. ನಿನ್ನದೊಂದು ನೈಟಿ ಉಂಟಾ?"

ನನ್ನಲ್ಲಿದ್ದ ಅತ್ಯುತ್ತಮ ನೈಟಿಯನ್ನೇ ತಂದುಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಐದಾರು ಬುಗ್ಗೆಗಳು ತೇಲತೊಡಗಿದವು. ಪ್ರತಿ ಬುಗ್ಗೆಯ ಮೇಲೂ ನಗುವ ಒಂದೊಂದು ಮುಖ.

ಒಂದು ವಾರಕ್ಕೆಂದು ಬಂದ ಶಶಿಯಕ್ಕ ರಜೆ ಮುಗಿಯುವವರೆಗೂ ಮಂಗಳೂರಿಗೆ ಹೋಗಲಿಲ್ಲ. ಸಂಜೆಯಾದರೆ ನೆರೆಕರೆಯ ಹೆಂಗಸರು ಬಟ್ಟೆಯ ಗಂಟಿನೊಂದಿಗೆ ಹಾಜರಾಗುತ್ತಿದ್ದರು. ಮದುವೆ ಮಾತುಕತೆ, ಸೊಸೆಯರ ದೂರು, ಮೀನು ಸಾರಿಗೆ ಹುಳಿ ಎಷ್ಟೆಂಬ ಚರ್ಚೆ ಎಲ್ಲವೂ ಎದೆಮಟ್ಟದ ನೀರಿನಲ್ಲೇ ನಡೆಯಿತು. ಹಳೆಯ ನೀರು ಮೈಮುನಕ್ಕನ ಬಾಳೆಗೂ ನಮ್ಮ ತೆಂಗಿಗೂ ಹೋಯಿತು. ಗಂಡ ಒಂದು ದಿನ ಸೆಖೆಯಲ್ಲಿ ಬೆಂದು ಬಂದು, ತಟ್ಟಿಯ ಹೊರಗೆ ನಿಂತು ತಾನೂ ಇಳಿಯಬಹುದೇ ಎಂದು ವಿನಯದಿಂದ ಕೇಳಿದರು. ಒಳಗಿನಿಂದ ಹತ್ತು ಕಂಠಗಳು ಒಟ್ಟಿಗೆ ತುಳುವಿನಲ್ಲಿ "ಇಜ್ಜಿ" ಎಂದು ನಿರಾಕರಿಸಿದವು. ಪಾಪ, ಅವರು ಬಚ್ಚಲಿಗೆ ಹೋಗಿ ಚೊಂಬಿನಲ್ಲಿ ಮಿಂದರು. ಅತ್ತೆಯಂತೂ ನೀರಿನಲ್ಲಿ ಕುಳಿತುಕೊಂಡೇ ಮೊಮ್ಮಕ್ಕಳಿಗೆ ಕೈತುತ್ತು ಹಾಕುವಷ್ಟು ಪಳಗಿದರು.

ಹೀಗೆ ನನ್ನ ಕೀರ್ತಿ ತೋಡಾರು ದಾಟಿ ಮೂಡಬಿದಿರೆ ಸೇರಿತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಹೆಡ್‌ಮಾಸ್ಟರು ಕರೆಸಿ, ಮನೆಯಲ್ಲೇ ಸ್ವಿಮ್ಮಿಂಗ್ ಪೂಲ್ ಇರುವ ನಿಮಗಿಂತ ಅನುಭವಸ್ಥರು ಯಾರು ಎಂದು ಹೇಳಿ, ಈಜು ಸ್ಪರ್ಧೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಜವಾಬ್ದಾರಿಯನ್ನು ನನಗೆ ವಹಿಸಿದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಕೀರ್ತಿ ಎಂದರೆ ಹಾಗೆ.

ಸ್ಪರ್ಧೆಯ ದಿನ ಕೊಳದ ಆಳದ ಬದಿಯಲ್ಲಿ ನನಗೊಂದು ಗೌರವದ ಕುರ್ಚಿ ಹಾಕಿದ್ದರು. ನೀರಿನ ತಳ ಕಾಣಿಸುತ್ತಿರಲಿಲ್ಲ. ನಮ್ಮ ಶಾಲೆಯ ಹುಡುಗಿಯೊಬ್ಬಳು ಎರಡನೆಯ ಬಹುಮಾನ ಗೆದ್ದು ಬಂದು, ನಮ್ಮ ಟೀಚರ್ ಮನೆಯಲ್ಲಿಯೇ ಪೂಲ್ ಉಂಟು ಎಂದು ಎಲ್ಲರ ಮುಂದೆ ಸಾರಿದಳು. ಪಕ್ಕದಲ್ಲಿದ್ದ ತೀರ್ಪುಗಾರರು ಎದ್ದು ನಿಂತು ಕೈಮುಗಿದರು.

"ಹೌದಾ ಮೇಡಂ? ನಿಮ್ಮದು ಯಾವ ಶೈಲಿ?"

ಕನ್ನಡ ಪಾಠ ಮಾಡಿದ್ದು ಆ ಕ್ಷಣಕ್ಕಾದರೂ ಉಪಯೋಗಕ್ಕೆ ಬಂತು.

"ಆಸೀನ ಶೈಲಿ" ಎಂದೆ.

ಕೇಳಿದ್ದೇನೆ, ಬಹಳ ಕಷ್ಟದ್ದು ಎಂದು ಅವರು ಗೌರವದಿಂದ ತಲೆಯಾಡಿಸಿದರು. ನಾನು ಕುರ್ಚಿಯನ್ನು ಇನ್ನೊಂದು ಗೇಣು ಹಿಂದಕ್ಕೆ ಎಳೆದುಕೊಂಡೆ.