ಲೇಬಲ್ ಇಲ್ಲದ ಬಾಟ್ಲಿ

ಬಜಾಲಿನ ಲೋಕಯ್ಯನ ಎಡ ಮೊಣಕಾಲು ಬಗ್ಗುವುದನ್ನು ನಿಲ್ಲಿಸಿದ್ದೇ ಎಲ್ಲಕ್ಕೂ ಕಾರಣ. ಬಗ್ಗದೆ ಕಳೆ ಕೀಳಲಾಗುವುದಿಲ್ಲ. ಕೀಳಲು ಬೇರೆ ಜನ ಸಿಗುವುದಿಲ್ಲ. ಎರಡು ಫ್ಲಾಟುಗಳ ನಡುವೆ ಹೇಗೋ ಉಳಿದುಕೊಂಡಿದ್ದ ಅವನ ನಲವತ್ತು ಸೆಂಟ್ಸ್ ಗದ್ದೆಯ ಬದುವಿನಲ್ಲಿ ಹುಲ್ಲು ಸೊಂಟದವರೆಗೆ ಬಂದಿತ್ತು. ಆರು ವರ್ಷ ರಾಸಾಯನಿಕ ಮುಟ್ಟದಿದ್ದ ಲೋಕಯ್ಯ ಜೂನ್ ತಿಂಗಳ ಒಂದು ಶುಕ್ರವಾರ, ಮಳೆ ಬಿಡುವು ಕೊಟ್ಟದ್ದನ್ನು ನೋಡಿ, ಬೆಳಿಗ್ಗೆ ಆರಕ್ಕೆ ಪಂಪನ್ನು ಬೆನ್ನಿಗೇರಿಸಿ ಬದುವಿನುದ್ದಕ್ಕೂ ಹುಲ್ಲು ಸಾಯಿಸುವ ಮದ್ದು ಬಿಟ್ಟ.

ಮದ್ದು ತಂದದ್ದು ಹಿಂದಿನ ದಿನ, ನಂತೂರಿನಾಚೆಯ ಗೊಬ್ಬರದ ಅಂಗಡಿಯಿಂದ.

"ಹುಲ್ಲಿನ ಮದ್ದು ಈಗ ಕೈಗೆ ಕೊಡುವ ಹಾಗಿಲ್ಲ ಅಂಕಲ್," ಎಂದಿದ್ದಳು ಅಂಗಡಿ ನಡೆಸುವ ಶರೊನ್. "ಲೈಸೆನ್ಸ್ ಇರುವ ಪೆಸ್ಟ್ ಕಂಟ್ರೋಲಿನವರೇ ಬಂದು ಬಿಡ್ಬೇಕು. ರೂಲ್ಸ್ ಉಂಟು."

"ಊರಿಡೀ ಬಿಡ್ತಾರಲ್ಲ ಮಾರಾಯ್ತಿ!"

ಮುಕ್ಕಾಲು ಗಂಟೆ ಲೋಕಯ್ಯ ಕೌಂಟರಿನ ಮುಂದಿನಿಂದ ಕದಲಲಿಲ್ಲ. ಕೊನೆಗೆ ಶರೊನ್ ಒಳಗೆ ಹೋಗಿ, ಲೇಬಲ್ ಕಿತ್ತ ಬಾಟ್ಲಿಯೊಂದನ್ನು ತಂದು, "ಯಾರಿಗೂ ಹೇಳ್ಬೇಡಿ" ಎಂದು ಅವನ ಚೀಲಕ್ಕೆ ಹಾಕಿದಳು.

ಹುಲ್ಲು ಸಾಯಲು ವಾರವಾದರೂ ಬೇಕು. ಅಷ್ಟರಲ್ಲಿ ಬಿಸಿಲಿಗೆ ಒಣಗಿತು ಎಂದರಾಯಿತು. ಜೂನಿನಲ್ಲಿ ಬಿಸಿಲು ಎಲ್ಲಿಂದ ಬಂತೆಂದು ಯಾರೂ ಕೇಳಲಿಕ್ಕಿಲ್ಲ. ಹೀಗೆ ಲೆಕ್ಕ ಹಾಕಿಕೊಂಡು ಅವನು ಚಹಾಕ್ಕೆ ಕೂತಾಗ ಎಂಟು ಗಂಟೆ. ಫೋನು ಬಂತು. ಸಾವಯವ ಕೃಷಿಕರ ಸಂಘದ ಕಾರ್ಯದರ್ಶಿ ಯಜ್ಞನಾರಾಯಣ ಭಟ್ಟರು.

"ಲೋಕಯ್ಯ, ಈ ವರ್ಷದ ಸಾವಯವ ಕೃಷಿಕ ನೀವೇ! ಸಂಜೆ ಐದಕ್ಕೆ ಗದ್ದೆಗೇ ಬರ್ತೇವೆ. ಶಾಲು, ಸರ್ಟಿಫಿಕೇಟು, ಮತ್ತೆ ಭಾನುವಾರದ ಸಂತೆಯಲ್ಲಿ ನಿಮ್ಮ ಕುಚ್ಚಲಕ್ಕಿಗೆ ಒಂದು ಮೇಜು."

ಆ ಮೇಜಿಗಾಗಿ ಲೋಕಯ್ಯ ಎರಡು ವರ್ಷ ಓಡಾಡಿದ್ದ. "ಎಂತ ಭಟ್ರೇ, ಇದ್ದಕ್ಕಿದ್ದ ಹಾಗೆ?"

"ಕಪ್ಪೆ ಮಾರಾಯ್ರೆ, ಕಪ್ಪೆ! ಭಾರ್ಗವಿ ಮೇಡಂ ಹತ್ರ ಕೇಳಿ."

ಭಾರ್ಗವಿ ಪಕ್ಕದ ಫ್ಲಾಟಿನ ಮೊದಲ ಮಹಡಿಯಲ್ಲಿದ್ದ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಲೋಕಯ್ಯ ಅಂಗಳಕ್ಕೆ ಬಂದದ್ದೇ ತಡ, ಬಾಲ್ಕನಿಯಿಂದ ಶುರುಮಾಡಿದಳು.

"ನಿನ್ನೆ ಸಂಜೆ ನಿಮ್ಮ ಬದುವಿನಿಂದಲೇ ಕೂಗಿತು ಲೋಕಯ್ಯಣ್ಣ! ಹೆಬ್ಬೆರಳಿನ ಉಗುರಿನಷ್ಟು ಇರ್ತದೆ. ಅಳಿವಿನಂಚಿನ ಜಾತಿ, ಬೆರಳೆಣಿಕೆಯ ಜಾಗದಲ್ಲಿ ಮಾತ್ರ ಉಂಟು. ಅದರ ಚರ್ಮಕ್ಕೆ ಎಂತ ತಾಗಿದರೂ ಸೀದಾ ಒಳಗೆ ಹೋಗ್ತದೆ. ನೀವು ಒಂದು ತೊಟ್ಟು ವಿಷ ಹಾಕಿದ್ದರೂ ಅದು ಬದುಕ್ತಿರಲಿಲ್ಲ."

ಲೋಕಯ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಶರೊನ್‌ಗೆ ಮೇಲಿಂದ ಮೇಲೆ ಫೋನು ಮಾಡಿದ. ಎತ್ತಲಿಲ್ಲ. ಆ ಮದ್ದಿಗೆ ಪ್ರತಿಮದ್ದು ಏನಾದರೂ ಇರಬಹುದೆಂದು ಸ್ಕೂಟರ್ ಹತ್ತಿದ. ನಂತೂರಿನಲ್ಲಿ ಎರಡು ಲಾರಿಗಳ ನಡುವೆ ಬಿಸ್ಕೂಟಿನ ಕ್ರೀಮಿನಂತೆ ಸಿಕ್ಕಿಕೊಂಡು, ಅರ್ಧ ಗಂಟೆ ಹೊಗೆ ಕುಡಿದು ಅಂಗಡಿ ಮುಟ್ಟಿದರೆ, ಶಟರಿನ ಮೇಲೆ ಚೀಟಿ: 'ಉಳ್ಳಾಲದಲ್ಲಿ ಮದುವೆ. ನಾಳೆ ಬನ್ನಿ.'

ಮನೆಗೆ ಬಂದವನೇ ಪೈಪು ಎಳೆದು ಬದುವಿನ ಹುಲ್ಲನ್ನು ತೊಳೆಯತೊಡಗಿದ. ಕಂಪೌಂಡು ಗೋಡೆಯಾಚೆಯಿಂದ ನೆರೆಮನೆಯ ಕಜೆಟನ್ ಪೊರ್ಬುಗಳ ತಲೆ ಮೇಲೆದ್ದಿತು. ಪಣಂಬೂರು ಬಂದರಿನಿಂದ ನಿವೃತ್ತರಾದ ಮೇಲೆ ಅವರಿಗೆ ಹಡಗುಗಳ ಬದಲು ನೋಡಲು ಲೋಕಯ್ಯನೊಬ್ಬನೇ ಉಳಿದಿದ್ದ.

"ಎಂತ ಲೋಕಯ್ಯಣ್ಣ, ಮೊನ್ನೆಯ ಮಳೆ ಸಾಕಾಗ್ಲಿಲ್ವಾ?"

"ಧೂಳು ಪೊರ್ಬುಗಳೇ. ಸಂಜೆ ಫೋಟೋ ತೆಗೀತಾರೆ."

"ಕೆಸರಿನಲ್ಲಿ ಧೂಳಾ?"

ತೊಳೆದ ನೀರು ಕೆಳಗಿನ ಹೊಂಡಕ್ಕೆ ಇಳಿಯುತ್ತಿರುವುದು ಆಗ ಲೋಕಯ್ಯನ ಕಣ್ಣಿಗೆ ಬಿತ್ತು. ಕಪ್ಪೆ ಇರುವುದೂ ಹೊಂಡದಲ್ಲೇ ಅಲ್ಲವೇ? ಪೈಪು ಬಿಸಾಡಿ ಬಕೆಟ್ ಹಿಡಿದ. ಜೀವವಿರುವ ಕಪ್ಪೆಯನ್ನು ಹಿಡಿದು ಬಾವಿಕಟ್ಟೆಯ ಬಳಿ ಬಿಡುವುದು, ಉಳಿದದ್ದು ದೇವರಿಗೆ. ಕಳೆಗೆ ಬಗ್ಗದ ಮೊಣಕಾಲು ಕಪ್ಪೆಗೆ ಬಗ್ಗಿತು. ನಾಲ್ಕು ಗಂಟೆಯ ಹೊತ್ತಿಗೆ ಏಳು ಕಪ್ಪೆಗಳು ಬಕೆಟ್ಟಿನಲ್ಲಿದ್ದವು. ಮೇಲೆ ಹೆಂಡತಿ ಗುಣವತಿಯ ಅನ್ನ ಬಸಿಯುವ ತಟ್ಟೆ.

"ನಾಳೆ ಅದರಲ್ಲಿ ಗಂಜಿ ಬಸಿಯುವುದು ನೀವೇ," ಎಂದಳು ಅವಳು.

"ಕಪ್ಪೆ ಹಿಡಿದರೆ ಫಾರೆಸ್ಟಿನವರ ಕೇಸು ಉಂಟು," ಎಂದಿತು ಕಂಪೌಂಡಿನ ಮೇಲಿನ ತಲೆ. "ಯಾವ ಹೋಟೆಲಿಗೆ?"

ಐದಕ್ಕೆ ಸರಿಯಾಗಿ ಭಟ್ಟರು ಶಾಲು ಸಮೇತ ಬಂದರು. ಭಾರ್ಗವಿ ಬದುವಿನ ಪಕ್ಕ ಕೋಲು ಊರಿ, ಅದಕ್ಕೆ ರೆಕಾರ್ಡರ್ ಕಟ್ಟಿ ಚಾಲೂ ಮಾಡಿದಳು. ಆಮೇಲೆ ಬಕೆಟ್ಟಿಗೆ ಇಣುಕಿದಳು.

"ಇವೆಲ್ಲ ಸಾಮಾನ್ಯ ಕಪ್ಪೆಗಳು. ಎಂತಕ್ಕೆ ಹಿಡಿದದ್ದು?"

"ನಿಮಗೆ ಆರಿಸ್ಲಿಕ್ಕೆ ಸುಲಭ ಆಗ್ಲಿ ಅಂತ," ಎಂದ ಲೋಕಯ್ಯ.

ಎಲ್ಲರೂ ಕಿವಿಗೊಟ್ಟು ನಿಂತರು. ಐದೂವರೆ. ಆರು. ಕೂಗಿಲ್ಲ. ಆರೂಕಾಲು. ಭಟ್ಟರು ಶಾಲನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರು.

"ನಿನ್ನೆ ಇಷ್ಟು ಹೊತ್ತಿಗೆ ಜೋರು ಕೂಗ್ತಿತ್ತು," ಎಂದು ಭಾರ್ಗವಿ ಪಿಸುಗುಟ್ಟಿದಳು. "ಪಾಪ, ಎಂತ ಆಯ್ತೋ ಅದಕ್ಕೆ."

ಆ 'ಪಾಪ' ಲೋಕಯ್ಯನಿಂದ ತಡೆಯಲಾಗಲಿಲ್ಲ.

"ನಾನೇ ಕೊಂದದ್ದು!" ಎಂದು ಕೂಗಿದ. "ಬೆಳಿಗ್ಗೆ ಹುಲ್ಲಿನ ಮದ್ದು ಬಿಟ್ಟೆ ಭಟ್ರೇ! ಲೈಸೆನ್ಸ್ ಇಲ್ಲ, ಬಿಲ್ ಇಲ್ಲ, ಲೇಬಲ್ ಕೂಡ ಇಲ್ಲ! ಆರು ವರ್ಷ ಮುಟ್ಟಿರಲಿಲ್ಲ. ಇವತ್ತು ಒಂದು ದಿನ..."

ಭಟ್ಟರು ಶಾಲನ್ನು ಇಸ್ತ್ರಿಯ ಮಡಿಕೆ ಕೆಡದಂತೆ ಚೀಲದೊಳಗಿಟ್ಟು, ಸರ್ಟಿಫಿಕೇಟನ್ನು ಅದರ ಮೇಲಿಟ್ಟರು. ಸಂತೆಯ ಮೇಜಿನ ಮಾತು ಅವರೂ ಎತ್ತಲಿಲ್ಲ, ಲೋಕಯ್ಯನೂ ಎತ್ತಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗುಣವತಿ ಅದನ್ನು ಕಸಿದುಕೊಂಡು ಸ್ಪೀಕರಿಗೆ ಹಾಕಿದಳು.

"ಅಂಕಲ್, ಶರೊನ್ ಮಾತಾಡುವುದು. ಹದಿನೇಳು ಮಿಸ್ಡ್ ಕಾಲ್! ಗೊತ್ತಾಯ್ತಾ ನಿಮಗೆ? ಸಾರಿ ಅಂಕಲ್. ಅದು ಹುಲ್ಲಿನ ಮದ್ದು ಅಲ್ಲ. ಕಡಲಪಾಚಿಯ ಟಾನಿಕ್. ಮದ್ದು ಕೊಡುವ ಹಾಗಿಲ್ಲ, ನೀವು ಹೋಗುವ ಲಕ್ಷಣವೂ ಇರಲಿಲ್ಲ. ಹೆದರ್ಬೇಡಿ, ಪೂರ್ತಿ ಸಾವಯವ. ಬಿಟ್ಟ ಗಿಡ ಹತ್ತು ದಿನದಲ್ಲಿ ಜೋರು ಬರ್ತದೆ."

ಲೋಕಯ್ಯ ಭಟ್ಟರತ್ತ ತಿರುಗಿದ. "ಕೇಳಿದ್ರಾ ಭಟ್ರೇ? ಸಾವಯವ!"

"ಟಾನಿಕ್ ಸಾವಯವವೇ ಲೋಕಯ್ಯ," ಎಂದರು ಭಟ್ಟರು, ಚೀಲದ ಜಿಪ್ ಎಳೆಯುತ್ತ. "ಅದನ್ನು ಬಿಟ್ಟ ಮನಸ್ಸು ಸಾವಯವ ಅಲ್ಲವಲ್ಲ. ಮೇಡಮಿನ ರೆಕಾರ್ಡರಿನಲ್ಲಿ ನಿಮ್ಮ ಬಾಯಿಂದಲೇ ಉಂಟು. ನಾನು ಸಮಿತಿಗೆ ಎಂತ ಹೇಳ್ಲಿ?"

ಆಗಲೇ ಹುಲ್ಲಿನ ಬುಡದಿಂದ, ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ, ಸಣ್ಣದೊಂದು ಸದ್ದು ಬಂತು. ನಿಂತಿತು. ಮತ್ತೆ ಬಂತು.

"ಅದೇ!" ಭಾರ್ಗವಿ ಎರಡೂ ಕೈ ಎದೆಗೊತ್ತಿಕೊಂಡಳು. "ದಿನವಿಡೀ ಯಾರೋ ಇಲ್ಲಿ ತುಳಿದಾಡಿದ್ದಕ್ಕೆ ಸುಮ್ಮನಿತ್ತು, ಅಷ್ಟೆ. ಲೋಕಯ್ಯಣ್ಣ, ಇನ್ನು ಮಳೆಗಾಲ ಮುಗಿಯುವ ತನಕ ಈ ಬದುವಿನ ಒಂದು ಹುಲ್ಲು ಮುಟ್ಟಬಾರದು. ಕೈಯಿಂದ ಕೂಡ ಕೀಳಬಾರದು. ನಾನು ಬಾಲ್ಕನಿಯಿಂದ ನೋಡ್ತಿರ್ತೇನೆ."

ಶರೊನ್‌ಳ ಟಾನಿಕ್ ಮಾತಿಗೆ ತಪ್ಪಲಿಲ್ಲ. ಹನ್ನೊಂದನೆಯ ದಿನ ಲೋಕಯ್ಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಜಗಲಿಯಲ್ಲಿ ಕೂತಿದ್ದಾಗ, ಬದುವಿನ ಹುಲ್ಲು ಕಂಪೌಂಡನ್ನೂ ಮೀರಿತ್ತು. ಕಜೆಟನ್ ಪೊರ್ಬುಗಳ ತಲೆ ಕಾಣುತ್ತಿರಲಿಲ್ಲ. ಸ್ವರ ಮಾತ್ರ ಬಂತು.

"ಲೋಕಯ್ಯಣ್ಣ, ಆ ಬಾಟ್ಲಿಯಲ್ಲಿ ಸ್ವಲ್ಪ ಉಳಿದುಂಟಾ? ನಮ್ಮ ಬಸಳೆ ಬರುವುದೇ ಇಲ್ಲ ಮಾರಾಯ್ರೆ!"