ಭಾವ ತಂದ ಜೌಗುಮಣ್ಣು

ಕುವೈತಿನ ಜುಲೈಯಲ್ಲಿ ಮನೆಗೆ ಬಂದ ಅತಿಥಿಯನ್ನು ನಡುಮನೆಯ ಸೋಫಾಕ್ಕೆ ಅಟ್ಟಿ, ಒಂದು ಮೂಟೆ ಮಣ್ಣಿಗೆ ಎ.ಸಿ. ರೂಮು ಕೊಟ್ಟವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕೊಟ್ಟವರು ನನ್ನ ಅಕ್ಕನ ಗಂಡ. ಆ ಅತಿಥಿ, ಕೆಲಸ ಹುಡುಕಿಕೊಂಡು ಬಂದಿದ್ದ ನಾನೇ!

ಭಾವನಿಗೆ ಶುಐಬಾದ ಎಣ್ಣೆ ಕಾರ್ಖಾನೆಯಲ್ಲಿ ಕೆಲಸ. ಅಕ್ಕನ ಬಾಲ್ಕನಿಯಲ್ಲಿ ಒಂದು ಮಲ್ಲಿಗೆ ಗಿಡವಿತ್ತು. ತೀರಿಕೊಳ್ಳುವ ಹಿಂದಿನ ವರ್ಷ ನಮ್ಮಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ ಗೆಲ್ಲು ಅದು. ಬಿಸಿಲಿಗೆ ಬಾಡತೊಡಗಿದ್ದರಿಂದ, ನೀರು ಹಿಡಿದಿಡುತ್ತದೆಂದು ಭಾವ ರಾಯ್ ಎಂಬ ಬಡಾವಣೆಯ ನರ್ಸರಿಯಿಂದ ಪೀಟ್ ಎಂಬ ಕಪ್ಪು ಮಣ್ಣಿನ ಮೂಟೆ ತಂದರು. ಅಲ್ಲಿಗೆ ಕಥೆ ಖಲಾಸ್ ಆಗಬೇಕಿತ್ತು. ಆದರೆ ಅಂದೇ ಸಂಜೆ ಟಿ.ವಿ.ಯಲ್ಲಿ ಆ ಮಣ್ಣಿನ ಊರೇ ಬಂತು! ಉತ್ತರದ ತಂಪು ದೇಶಗಳ ಜೌಗು ನೆಲವಂತೆ. ಸಾವಿರಾರು ವರ್ಷ ಪಾಚಿ ಕೂತು ಕೂತು ಆದದ್ದಂತೆ. ಈಗ ಭೂಮಿ ಬಿಸಿಯೇರಿ ಒಣಗುತ್ತಿದೆಯಂತೆ, ಒಣಗಿದ್ದು ಒಳಗೊಳಗೇ ಹೊತ್ತಿ ಹೊಗೆಯಾಡುತ್ತದಂತೆ.

ಭಾವನಿಗೆ ಊಟ ಸೇರಲಿಲ್ಲ. ಎಣ್ಣೆಯ ಕೆಲಸದಲ್ಲಿರುವ ತಾನೇ ಭೂಮಿಯನ್ನು ಬಿಸಿ ಮಾಡಿದವನು ಎಂದು ತೀರ್ಮಾನಿಸಿಬಿಟ್ಟರು. ಮರುದಿನ ಮೂಟೆಯನ್ನು ನರ್ಸರಿಗೆ ಹೊತ್ತೊಯ್ದರು. ಹಣ ವಾಪಸ್ ಕೊಡುವುದಿಲ್ಲ ಎಂದ ಅಂಗಡಿಯವನು. ಹಣ ಯಾರಿಗೆ ಬೇಕು, ಮಣ್ಣನ್ನು ಅದರ ಊರಿಗೆ ಕಳಿಸಿಕೊಡು ಎಂದರಂತೆ ಭಾವ! ಬಿಸಿಲು ತಲೆಗೇರಿದೆ ಎಂದುಕೊಂಡು ಅವನು ಇವರನ್ನು ನೆರಳಿಗೆ ಕೂರಿಸಿ ನೀರು ಕುಡಿಸಿ ಕಳಿಸಿದ.

ಅಂದಿನಿಂದ ಮೂಟೆಗೆ ನನ್ನ ರೂಮು. ದಿನಾ ಅದಕ್ಕೆ ನೀರು ಚಿಮುಕಿಸುವ ಸೇವೆ ಬೇರೆ. ಮಲ್ಲಿಗೆಗೆ ಮಾತ್ರ ಚಹಾದ ಚರಟ, ತೆಂಗಿನ ನಾರು. "ಪಪ್ಪಾ, ಇಟ್ಸ್ ಜಸ್ಟ್ ಸಾಯಿಲ್" ಎಂದ ಮಗಳ ಜತೆ ಭಾವ ಇಡೀ ದಿನ ಮಾತು ಬಿಟ್ಟರು. ನಮಗೆಲ್ಲ ಇಕಾಮಾ ಮಾಡಿಸಿದ ಹಾಗೆ ಈ ಮೂಟೆಗೂ ಇಲ್ಲಿರಲು ಒಂದು ಮಾಡಿಸಿಬಿಡಿ ಎಂದಳು ಅಕ್ಕ.

ಆಗಸ್ಟ್ ಹೊತ್ತಿಗೆ ಗಿಡದಲ್ಲಿ ಹಸಿರು ಉಳಿದದ್ದು ಒಂದೇ ಗೆಲ್ಲಿನಲ್ಲಿ. ಅಕ್ಕ ತಮಾಷೆ ನಿಲ್ಲಿಸಿದಳು. ಬೆಳಿಗ್ಗೆ ಎದ್ದು ಅದರ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಒಂದು ಶುಕ್ರವಾರ ಅವಳು ಹಾಗೆ ಕೂತದ್ದನ್ನು ಭಾವ ನೋಡಿದರು. ಒಳಗಿಂದ ಮೂಟೆ ತಂದು, ಕತ್ತರಿಯಿಂದ ಬಾಯಿ ಬಿಚ್ಚಿ, ಆ ತಣ್ಣನೆಯ ಮಣ್ಣನ್ನು ಕುಂಡಕ್ಕೆ ತುಂಬತೊಡಗಿದರು. ಇಷ್ಟು ದಿನ ಕಾಪಾಡಿದ್ದನ್ನು ಯಾಕೆ ಬಿಚ್ಚಿದಿರಿ ಎಂದು ಅಕ್ಕನೇ ಅಡ್ಡ ಬಂದಳು.

"ಇದೂ ತಾಯಿಮನೆ ಬಿಟ್ಟು ಬಂದದ್ದು, ಅದೂ ತಾಯಿಮನೆ ಬಿಟ್ಟು ಬಂದದ್ದು ಮಾರಾಯ್ತಿ. ಒಟ್ಟಿಗಾದ್ರೂ ಇರ್ಲಿ," ಎಂದರು ಭಾವ.

ಅಕ್ಕ ಅವರ ಮಣ್ಣು ಮೆತ್ತಿದ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಅಮ್ಮ ಹೋದಾಗ ಊರಿಗೆ ಬರಲಾಗದೆ ಅವಳೊಳಗೆ ಉಳಿದುಹೋಗಿದ್ದ ಅಳು ಅದು.