ಹಳೇ ಊರಿನ ಹೊಸ ಗೈಡ್

ನನ್ನ ಹೆಂಡತಿ ನಕ್ಕಳು.

ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನೀವು ಅವಳ ಗಂಡನಲ್ಲ, ಅದಕ್ಕೇ ಕೇಳುತ್ತೀರಿ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಹಾಸ್ಯಕ್ಕೆ ಅವಳು ಕೊಡುತ್ತ ಬಂದಿರುವ ಪ್ರತಿಫಲ "ಹೂಂ" ಎಂಬ ಒಂದಕ್ಷರ. ಅಂಥವಳು ಆ ಭಾನುವಾರ, ಸಮುದ್ರದಂಡೆಯ ಆ ಪುರಾತನ ಪಟ್ಟಣದ ಕೋಟೆ ಬಾಗಿಲಲ್ಲಿ, ಮೂವತ್ತು ಜನರೆದುರು, ತಲೆ ಹಿಂದಕ್ಕೆ ಚೆಲ್ಲಿ ಗಲಗಲ ನಕ್ಕಳು. ನಗಿಸಿದವನು ನಾನಲ್ಲ. ಗೈಡು!

ಒಂದು ದಿನದ ಈ ಪ್ರವಾಸದ ಐಡಿಯಾ ನನ್ನದೇ. ನಾನು ಟೈಲ್ಸು, ನಲ್ಲಿ, ಕಮೋಡು ಮಾರುವ ಅಂಗಡಿಯ ಸೇಲ್ಸ್‌ಮನ್. ವಾರಕ್ಕೆ ಆರು ದಿನ ಪರರ ಬಚ್ಚಲಮನೆಯ ಚಿಂತೆ ಮಾಡುವವನಿಗೆ ಸ್ವಂತ ಹೆಂಡತಿಯ ಮುಖ ನೋಡಿ ನಾಲ್ಕು ಮಾತಾಡಲು ಪುರುಸೊತ್ತಿಲ್ಲ. ಮಕ್ಕಳನ್ನು ಅಜ್ಜಿಯ ಮನೆಗೆ ಸಾಗಹಾಕಿ, ಹೊಸ ಶರಟು ತೊಟ್ಟು, ಸೆಂಟು ಬಳಿದುಕೊಂಡು ನಾನು ಪ್ರವಾಸದ ಬಸ್ಸು ಹತ್ತಿದ್ದು ಇವಳಿಗಾಗಿ. ಆ ಗೈಡಿಗಾಗಿ ಅಲ್ಲ.

ಆಸಾಮಿ ಯುವಕನಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅರವತ್ತು ದಾಟಿದ ಮುದುಕ! ಸುಣ್ಣದಂಥ ತಲೆ, ಹುಲ್ಲಿನ ಟೋಪಿ. ದನಿ ಮಾತ್ರ ಆಗಷ್ಟೇ ಎಣ್ಣೆ ಬಿಟ್ಟ ಬಾಗಿಲಿನಂತೆ ನುಣುಪು.

"ಶತ್ರುಗಳು ಏಳು ಸಲ ಮುತ್ತಿಗೆ ಹಾಕಿದ್ರು. ಏಳು ಸಲಾನೂ ಈ ಬಾಗಿಲು ತೆಗೀಲಿಲ್ಲ. ಯಾಕೆ ಹೇಳಿ ಮೇಡಂ? ಬೀಗದ ಕೈ ಎಲ್ಲಿಟ್ಟಿದೀವಿ ಅಂತ ಒಳಗಿದ್ದೋರಿಗೂ ಮರೆತುಹೋಗಿತ್ತು!"

ಇದಕ್ಕೇ ಅವಳು ನಕ್ಕದ್ದು. ನಮ್ಮ ಮನೆಯ ಬೀಗದ ಕೈ ಕಳೆದ ದಿನ ನಾನೂ ಇಂಥದ್ದೇ ಒಂದು ಜೋಕು ಹೇಳಿದ್ದೆ. ಆಗ ಅವಳು ನಗಲಿಲ್ಲ. (ಏನು ಮಾಡಿದಳೆಂಬುದು ನಮ್ಮಿಬ್ಬರ ನಡುವೆಯೇ ಇರಲಿ.)

"ಅಷ್ಟೊಂದು ನಗೋವಂಥದ್ದು ಏನಿತ್ತೇ?" ಎಂದೆ ಪಿಸುದನಿಯಲ್ಲಿ.

"ಎಷ್ಟು ಚೆನ್ನಾಗಿ ಮಾತಾಡ್ತಾರಲ್ರೀ!"

"ದಿನಾ ಅದನ್ನೇ ಒದರಿ ಒದರಿ ಬಾಯಿಪಾಠ ಆಗಿರುತ್ತೆ."

"ನೀವೂ ದಿನಾ ಹೇಳಿದ್ದನ್ನೇ ಹೇಳ್ತೀರಿ. ನಿಮಗ್ಯಾಕೆ ಹಾಗೆ ಬರಲ್ಲ?"

ಎದುರಿಗೆ ತಣ್ಣನೆಯ ಕಡಲು, ಒಳಗೆ ಕುದಿಯುವ ಒಡಲು. ಹಲ್ಲು ಕಚ್ಚಿಕೊಂಡು ನಡೆದೆ. ಕೋಟೆಯ ಮೆಟ್ಟಿಲ ಬಳಿ ಗೈಡ್ ಮಹಾಶಯ ಕೈ ಚಾಚಿ, "ಮೇಡಂ, ಕಲ್ಲು ಸವೆದಿದೆ, ಜೋಪಾನ" ಎಂದ. ಅವಳು ಮಹಾರಾಣಿಯಂತೆ ಕೈ ಕೊಟ್ಟು ಹತ್ತಿದಳು. ಅದೇ ಕಲ್ಲಿನ ಮೇಲೆ ಹಿಂದೆಯೇ ಬಂದ ನಾನು ಜಾರಿ ಕುಕ್ಕರಿಸಿದೆ. ಮೇಲಿನಿಂದ ಹೆಂಡತಿಯ ಅಮೃತವಾಣಿ ಕೇಳಿಬಂತು: "ಕೆಳಗೆ ನೋಡ್ಕೊಂಡು ನಡೀಬಾರ್ದೇನ್ರೀ?"

ಗೋಡೆಯ ಮೇಲೆ, ಸಮುದ್ರದ ಕಡೆಗೆ ಚಾಚಿಕೊಂಡಂತೆ ಒಂದು ಪುಟ್ಟ ಕಲ್ಲಿನ ಗೂಡಿತ್ತು. ಒಳಗೊಂದು ಕಟ್ಟೆ, ಕಟ್ಟೆಯ ನಡುವೆ ತೂತು. ಗೈಡ್ ದನಿ ತಗ್ಗಿಸಿ, "ಇಲ್ಲೇ ಕಾವಲಿನ ವೀರರು ಹಗಲೂ ಇರುಳೂ ಕೂತು ಶತ್ರುವಿನ ಹಡಗಿಗೆ ಕಾಯ್ತಿದ್ರು" ಎಂದ. ನನ್ನವಳ ಕಣ್ಣಲ್ಲಿ ನೀರಾಡಿತು.

ನಾನು ಆ ಕಟ್ಟೆಯನ್ನು ನೋಡಿದೆ. ಅಂಗಡಿಯ ಹದಿನೇಳು ವರ್ಷದ ಅನುಭವ ಮೈಯೊಳಗೆ ಎದ್ದು ನಿಂತಿತು.

"ಕಾವಲೂ ಅಲ್ಲ, ಮಣ್ಣೂ ಅಲ್ಲ!" ಎಂದು ಗರ್ಜಿಸಿದೆ. "ಇದು ಕಕ್ಕಸು."

ಮೂವತ್ತು ತಲೆಗಳು ನನ್ನತ್ತ ತಿರುಗಿದವು.

"ಅಂಚು ಮುಟ್ಟಿ ನೋಡಿ, ದುಂಡಗೆ ಕಡೆದಿದಾರೆ. ಶತ್ರುವಿಗಾಗಿ ಕಾಯೋನಿಗೆ ದುಂಡು ಅಂಚು ಯಾಕೆ ಬೇಕು? ತೂತಿನ ಕೆಳಗೇ ಸಮುದ್ರ. ದಿನಕ್ಕೆರಡು ಸಲ ಉಬ್ಬರ ಬಂದು ತಾನೇ ಫ್ಲಶ್ ಮಾಡಿ ಹೋಗುತ್ತೆ. ಇಂಥ ಮಾಲು ಇವತ್ತು ಯಾವ ಕಂಪನಿ ಕೊಡುತ್ತೆ, ಹೇಳಿ!"

ಜನ ಹೋ ಎಂದು ನಕ್ಕರು. ಒಬ್ಬ ಟೀಚರಮ್ಮ ಪುಸ್ತಕ ತೆಗೆದು ಬರೆದುಕೊಂಡರು. ದಪ್ಪಮೀಸೆಯವನೊಬ್ಬ, "ಸಾರ್, ಆ ಪಕ್ಕದ ಕಾಲುವೆ ಏನು?" ಎಂದು ನನ್ನನ್ನು, ಹೌದು, ನನ್ನನ್ನೇ ಕೇಳಿದ.

ಗೈಡ್ ಕೆರಳುತ್ತಾನೆ, ಜಗಳಕ್ಕೆ ಬರುತ್ತಾನೆ ಎಂದು ತೋಳು ಮಡಚಿ ಕಾದೆ. ಅವನು ಟೋಪಿ ತೆಗೆದ. "ನಲವತ್ತು ವರ್ಷದಿಂದ ತಪ್ಪು ಹೇಳ್ಕೊಂಡು ಬಂದಿದೀನಿ ಸಾರ್. ಇವತ್ತು ಕಣ್ಣು ತೆರೀತು. ಮುಂದಿನದ್ದೂ ತಾವೇ ಹೇಳ್ಬಿಡಿ."

ಆಹಾ! ಶತ್ರು ಶರಣಾಗತನಾದ ಮೇಲೆ ನನ್ನನ್ನು ಹಿಡಿಯುವವರು ಯಾರು? ದಂಡನಾಯಕನಂತೆ ಮುಂದೆ ನಡೆದೆ. ಚರಂಡಿಯ ಇಳಿಜಾರು, ಮಳೆನೀರಿನ ತೊಟ್ಟಿ, ರಾಣಿಯ ಸ್ನಾನದ ಕೋಣೆಯ ಹಾಸುಗಲ್ಲು, ಒಂದನ್ನೂ ಬಿಡಲಿಲ್ಲ. ಗೊತ್ತಿದ್ದ ಕಡೆ ನಿಜ ಹೇಳಿದೆ, ಗೊತ್ತಿಲ್ಲದ ಕಡೆ ಅಂಗಡಿಯಲ್ಲಿ ಹೇಳುವ ಹಾಗೆ ಹೇಳಿದೆ. ಇಕ್ಕಟ್ಟಾದ ಓಣಿಗಳಲ್ಲಿ, ಉಪ್ಪುಗಾಳಿಗೆ ಬಣ್ಣ ಕಳಚಿದ ಕಿಟಕಿಗಳ ಕೆಳಗೆ, ಜನ ನನ್ನ ಹಿಂದೆ ಓಡೋಡಿ ಬಂದರು. ಇದೆಲ್ಲ ಒಬ್ಬಳ ಕಿವಿಗೆ ಬೀಳಲೆಂದೇ ದನಿ ಏರಿಸಿ ಏರಿಸಿ ಗಂಟಲು ಕಟ್ಟಿತು.

ಕೊನೆಗೆ ದೀಪಸ್ತಂಭ. ನೂರಾ ನಲವತ್ತೆರಡು ಮೆಟ್ಟಿಲು. 'ಒಮ್ಮೆಗೆ ಹತ್ತು ಜನ ಮಾತ್ರ' ಎಂಬ ಬೋರ್ಡು. ನಾವು ಮೂವತ್ತು ಜನ. ನಾನು ಎಷ್ಟು ಸಲ ಹತ್ತಿದೆ ಎಂಬುದನ್ನು ನೀವೇ ಗುಣಿಸಿಕೊಳ್ಳಿ.

ಮೂರನೆಯ ಸಲ ನಾಲಿಗೆ ಹೊರಚಾಚಿ ಮೇಲೆ ತಲುಪಿದಾಗ, ಈ ತಂಡದಲ್ಲಾದರೂ ಹೆಂಡತಿ ಇರುತ್ತಾಳೆಂದು ತಿರುಗಿ ನೋಡಿದೆ. ಇರಲಿಲ್ಲ. ಮೊದಲೆರಡು ತಂಡದಲ್ಲೂ ಇರಲಿಲ್ಲವೆಂಬುದು ಆಗ ಹೊಳೆಯಿತು. ಕಟಕಟೆಗೆ ಬಗ್ಗಿ ಕೆಳಗೆ ನೋಡಿದೆ.

ದೂರದಲ್ಲಿ, ದೋಣಿಗಳು ನಿಲ್ಲುವ ದಕ್ಕೆಯ ಪಕ್ಕದ ಹೋಟೆಲಿನ ಹೊರಗೆ, ದೊಡ್ಡ ಛತ್ರಿಯ ನೆರಳಲ್ಲಿ ಒಂದು ಮೇಜು. ಮೇಜಿನ ಮೇಲೆ ಎರಡು ಲೋಟ ಶರಬತ್ತು, ಒಂದು ಹುಲ್ಲಿನ ಟೋಪಿ. ಎರಡೂ ಕಡೆ ಯಾರ್ಯಾರು ಕೂತಿದ್ದರೆಂದು ಬಾಯಿಬಿಟ್ಟು ಹೇಳಬೇಕೆ? ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ನಗು ನನ್ನ ಕಿವಿಯವರೆಗೂ ಬಂತು.

"ಲೇ! ಲೇ ಇವಳೇ!" ಎಂದು ಪ್ರಾಣ ಹೋಗುವ ಹಾಗೆ ಕಿರುಚಿದೆ.

"ಅದ್ಭುತ ಸಾರ್!" ಎಂದ ದಪ್ಪಮೀಸೆ. "ಹಡಗು ಕಂಡಾಗ ಕಾವಲಿನೋರು ಹೀಗೇ ಕೂಗ್ತಿದ್ರಾ? ಇನ್ನೊಂದು ಸಲ ಕೂಗಿ, ವಿಡಿಯೋ ಮಾಡ್ಕೋತೀನಿ."

ಕೂಗಿದೆ. ಎರಡನೆಯ ಸಲ ಮೊದಲಿಗಿಂತ ಚೆನ್ನಾಗಿ ಬಂತಂತೆ.

ಕಾಲೆಳೆಯುತ್ತ ಕೆಳಗಿಳಿಯುವಷ್ಟರಲ್ಲಿ ಬಸ್ಸಿನ ಹಾರನ್ ಮೊಳಗಿತು. ಹೆಂಡತಿ ಕಿಟಕಿ ಪಕ್ಕ ಕೂತಿದ್ದಳು, ಮುಖ ಹೊಸದಾಗಿ ತೊಳೆದ ಪಿಂಗಾಣಿಯಂತೆ ಹೊಳೆಯುತ್ತಿತ್ತು.

"ಎಲ್ಲಿ ಹೋಗಿದ್ದೆ?" ಎಂದೆ.

"ನಾನೆಲ್ಲಿ ಹೋದೆ? ನೀವು ಎಲ್ಲರನ್ನೂ ಬಾಚ್ಕೊಂಡು ಹೋದ್ರಿ. ಪಾಪ, ಆ ಯಜಮಾನರು ಒಬ್ಬರೇ ನಿಂತಿದ್ರು. ಕೂತು ಮಾತಾಡಿದ್ವಿ."

"ಎರಡು ಗಂಟೆ ಏನು ಮಾತು?"

"ಬಹುಪಾಲು ನಿಮ್ಮದೇ. ತುಂಬಾ ಹೊಗಳಿದ್ರು."

ಎದೆ ಕೊಂಚ ಉಬ್ಬಿತು. "ಹೌದಾ? ಏನಂದ?"

"ಇಂಥ ಮಾತುಗಾರ ಸಿಗೋದು ಪುಣ್ಯ ಅಂದ್ರು. ನಲವತ್ತು ವರ್ಷದಲ್ಲಿ ಒಂದು ಭಾನುವಾರಾನೂ ಅವರು ಹೀಗೆ ಆರಾಮಾಗಿ ಕೂತಿರಲಿಲ್ವಂತೆ. ಮುಂದಿನ ಭಾನುವಾರಾನೂ ನೀವೇ ಬರ್ತೀರಾ ಅಂತ ಕೇಳಿದ್ರು. ಬರ್ತಾರೆ ಅಂದ್ಬಿಟ್ಟೆ."

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನ ದಪ್ಪಮೀಸೆ, "ಸಾರ್ ಮುಂದಿನ ವಾರಾನೂ ಬರ್ತಾರಂತೆ!" ಎಂದು ಸಾರಿದ. ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಚಪ್ಪಾಳೆ ಎಂದರೆ ನನ್ನ ಬೆನ್ನು ಮಾತು ಕೇಳುವುದಿಲ್ಲ. ಎದ್ದು ನಿಂತು ಬಾಗಿದೆ.

ಕೂತ ಮೇಲೆ ಮೆಲ್ಲಗೆ ಕೇಳಿದೆ: "ಅವತ್ತು ನೀನು ಮನೇಲೇ ಇರ್ತೀಯ ತಾನೇ?"

"ಅದ್ಹೇಗಾಗುತ್ತೇರೀ?" ಎಂದಳು ಕಿಟಕಿಯಾಚೆ ನೋಡುತ್ತ. "ನೀವು ಜನಾನ ಸುತ್ತಿಸಿ ಬರೋವರೆಗೂ ಅವರಿಗೆ ಬೇಜಾರಾಗಲ್ವಾ?"